ರೊಟ್ಟಿ ಡಬ್ಬಿಯೊಳಗಿನ ಬಿಸಿಲು

ಉಡದ ನಾಲಗೆಗೆ ಎರಡು ತುದಿ. ಒಂದನ್ನು ಕಂಡರೇ ಚನ್ನವೀರನಿಗೆ ಹೊಟ್ಟೆ ತೊಳಸುತ್ತಿತ್ತು. ಎರಡನೆಯದನ್ನು ದೇವರು ತನ್ನನ್ನೇ ಗುರಿಯಿಟ್ಟು ಮಾಡಿದನೆಂದು ಅವನ ನಂಬಿಕೆ. ಆದರೂ ನವಿಲಗಟ್ಟಿ ನಗರಸಭೆಯಲ್ಲಿ ಅವನಿಗೆ ಸಿಕ್ಕಿದ ಕೆಲಸವೆಂದರೆ ಮನೆಮನೆಯ ಉಡಗಳಿಗೆ ಬಿಸಿಲು ಕಟ್ಟಿಕೊಡುವುದು.

ನವಿಲಗಟ್ಟಿಯ ಬೀದಿಗಳಿಂದ ಕಸದ ತೊಟ್ಟಿಗಳು ಒಂದೊಂದೇ ಬಡಾವಣೆಯಂತೆ ಮಾಯವಾಗತೊಡಗಿ ಒಂದು ವರ್ಷವಾಗಿತ್ತು. ಹಸಿ ಕಸವನ್ನು ಮನೆಯ ಹೊಸಿಲು ದಾಟಿಸುವುದೇ ಅಪರಾಧ. ಅದರ ಬದಲು ಮನೆಗೊಂದು ಉಡ. ಕಾಡಿನ ಉಡವಲ್ಲ, ಪ್ರಯೋಗಾಲಯದ ಮೊಟ್ಟೆಯೊಡೆದು ಬಂದದ್ದು. ಇದರ ಕರುಳಿನಲ್ಲಿ ವಿಜ್ಞಾನಿಗಳು ಒಂದು ಜಾತಿಯ ಸೂಕ್ಷ್ಮಜೀವಿಗಳಿಂದ ಸಂಸಾರ ಹೂಡಿಸಿದ್ದರು. ಸೋರೆಕಾಯಿ ಸಿಪ್ಪೆ, ಹಳಸಿದ ಅನ್ನ, ಚಹಾದ ಚರಟ, ಮಾವಿನ ಓಟೆ, ಏನು ಹಾಕಿದರೂ ಒಂದು ದಿನದಲ್ಲಿ ಅರಗಿ ಒಣ ಹಿಕ್ಕೆಯಾಗಿ ಹೊರಬರುತ್ತಿತ್ತು. ಹಿಕ್ಕೆ ಗ್ಯಾಸ್ ಸ್ಥಾವರಕ್ಕೆ ಹೋಗುತ್ತಿತ್ತು. ‘ಮನೆಗೊಂದು ಉಡ, ಕಸಕ್ಕಿಲ್ಲ ಉಡಾಫೆ’ ಎಂದು ಗೋಡೆಗೋಡೆಯ ಮೇಲೂ ಬರೆಸಿದ್ದರು. ಉಣ್ಣುವ ಕೆಲಸ ಉಡದ್ದು, ಉಡುವ ಕೆಲಸ ಮಾತ್ರ ನಮ್ಮದು ಎಂದು ಜನ ನಗಾಡಿದರು. ನಕ್ಕವರೇ ಮನೆಗೆ ಹೋಗಿ ಮೂಗು ಮುಚ್ಚಿಕೊಂಡರು.

ಒಂದೇ ಒಂದು ಷರತ್ತು. ಉಡ ತಣ್ಣನೆಯ ನೆತ್ತರಿನ ಪ್ರಾಣಿ. ಕರುಳಿನ ಸೂಕ್ಷ್ಮಜೀವಿಗಳಿಗೆ ಮೂವತ್ತೆಂಟು ಡಿಗ್ರಿಯ ಕಾವು ಬೇಕು. ಆ ಕಾವನ್ನು ಉಡ ಹೊರಗಿನಿಂದ ಮೈಗೆ ತುಂಬಿಸಿಕೊಳ್ಳಬೇಕು. ಸಾಮಾನ್ಯ ಉಡವಾದರೆ ಮೈ ತಣ್ಣಗಾದಾಗ ಹಸಿವೂ ಮಲಗುತ್ತದೆ. ಆದರೆ ಮಳೆಗಾಲದಲ್ಲಿ ಕಸ ತಿನ್ನದ ಉಡ ಯಾರಿಗೆ ಬೇಕು? ವಿಜ್ಞಾನಿಗಳು ಹಸಿವನ್ನು ಕಾವಿನಿಂದ ಬಿಡಿಸಿಬಿಟ್ಟಿದ್ದರು. ಬಾಯಿಗೆ ಬಿಸಿಲು ಬೇಡ, ಹೊಟ್ಟೆಗೆ ಬೇಕು. ಇದನ್ನು ಅವರು ದೊಡ್ಡ ಸಾಧನೆಯೆಂದು ಪ್ರಬಂಧದಲ್ಲಿ ಬರೆದುಕೊಂಡಿದ್ದರು.

ಜ್ಯೇಷ್ಠದಲ್ಲಿ ಚನ್ನವೀರ ತಾನಿದ್ದ ನೀಲಗಂಗಾ ಬಡಾವಣೆಯಲ್ಲೇ ಪೆಟ್ಟಿಗೆ ಕೂರಿಸುತ್ತಿದ್ದ. ಪಕ್ಕದ ಮನೆಯ ಸಾವಂತ್ರೆವ್ವ ತನ್ನ ಮನೆಯ ಪೆಟ್ಟಿಗೆ ಕೂರಿಸುವುದನ್ನು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ನಾಲ್ಕಡಿ ಉದ್ದದ ಗಾಜಿನ ಪೆಟ್ಟಿಗೆ. ಒಂದು ತುದಿಯಲ್ಲಿ ಕರಿ ಕಡಪ ಕಲ್ಲು, ಅದರ ಮೇಲೆ ಒಂದೂವರೆ ಗೇಣು ಎತ್ತರದಲ್ಲಿ ಕಾವಿನ ದೀಪ, ದೀಪಕ್ಕೆ ಉಡ ಮೈ ತಾಗಿಸಿ ಸುಟ್ಟುಕೊಳ್ಳದಂತೆ ತಂತಿಯ ಬಲೆ. ಇನ್ನೊಂದು ತುದಿಯಲ್ಲಿ ಮಣ್ಣಿನ ತಣ್ಣನೆಯ ಗೂಡು. ಮಧ್ಯದಲ್ಲಿ ಉದ್ದಕ್ಕೆ ನೀಲಿಬಿಳಿ ಟ್ಯೂಬು.

“ಇದಕ್ಕ ಇಷ್ಟ್ಯಾಕಪಾ ಸೋಗು?” ಅಂದಳು ಸಾವಂತ್ರೆವ್ವ. “ನಮ್ಮ ಕಾಲದಾಗ ಉಡ ಕಲ್ಲಿನ ಸಂದ್ಯಾಗ ಇರತಿದ್ವು. ಅಲ್ಲಿ ಯಾರು ಲೈಟ್ ಹಚ್ಚತಿದ್ರು?”

“ಸೂರ್ಯಾ ಹಚ್ಚತಿದ್ದ ಕಾಕು.”

“ಹಂಗಾರ ಮಾಳಗಿ ಮ್ಯಾಲ ಇಟ್ಟು ಬಿಡು. ಅವಽ ಹಚ್ಚತಾನ.”

“ಆಷಾಢದಾಗ ಸೂರ್ಯಾ ರಜಾದ ಮ್ಯಾಲ ಇರತಾನ. ಇಲ್ಲಿ ನೋಡ್ರಿ, ಈ ಕಡೆ ಬ್ಯಾಸಗಿ, ಆ ಕಡೆ ಚಳಿಗಾಲ. ಅದಕ್ಕ ಯಾವುದು ಬೇಕೋ ಅತ್ತಾಗ ನಡಕೋತ ಹೋಗತೈತಿ.”

“ನಮಗಿಂತ ಅದರ ಬಾಳೇ ಚಲೋ ಆತು ಬಿಡು. ಈ ಟ್ಯೂಬಿಗೆ ಒಂದು ಗಾಜ ಮುಚ್ಚು, ಧೂಳ ಕುಂಡರತೈತಿ.”

“ಗಾಜು ಬೆಳಕ ಬಿಡತೈತಿ ಕಾಕು, ಎಲುಬಿಗೆ ಬೇಕಾದ ಕಿರಣ ಬಿಡಂಗಿಲ್ಲ. ಮುಚ್ಚಿದ್ರ ಅದರ ಎಲುಬು ರಬ್ಬರ್ ಆಗತಾವು.”

“ರಬ್ಬರಾದ್ರ ಓಡಿ ಹೋಗಂಗಿಲ್ಲಲ್ಲಾ.”

ಕೊನೆಗೆ ಚನ್ನವೀರ ಅಂಗಿಯ ಗುಂಡಿಯಷ್ಟು ದೊಡ್ಡದಾದ ಒಂದು ಬಿಲ್ಲೆಯನ್ನು ಕಡಪ ಕಲ್ಲಿನ ಮೇಲೆ ಕ್ಲಿಪ್ಪು ಹಾಕಿ ಕೂರಿಸಿದ. ಅದಕ್ಕೆ ತಂತಿಯಿಲ್ಲ. ಕಲ್ಲಿನ ಶಾಖ ಅಳೆದು ದೀಪಕ್ಕೂ ತಿಳಿಸುತ್ತಿತ್ತು, ದೀಪದ ಲೈನಿನ ಮೂಲಕ ನಗರಸಭೆಗೂ ತಿಳಿಸುತ್ತಿತ್ತು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಐದು ತಾಸು ದೀಪದ ಸಮಯ. ಕಲ್ಲು ನಲವತ್ತಕ್ಕಿಂತ ಕೆಳಗಿಳಿದರೆ ದೀಪ ಹತ್ತುತ್ತದೆ, ನಲವತ್ತೆರಡು ಮುಟ್ಟಿದರೆ ಆರುತ್ತದೆ. ಬಿಲ್ಲೆ ಹೇಳಿದ್ದೇ ದೀಪಕ್ಕೆ ವೇದ. ಬೇರೆ ಕಾವಲಿಲ್ಲ.

*

ಚನ್ನವೀರನ ಮನೆಯ ಉಡಕ್ಕೆ ಹೆಂಡತಿ ದಾಕ್ಷಾಯಣಿ ರಾವಸಾಹೇಬ ಎಂದು ಹೆಸರಿಟ್ಟಿದ್ದಳು. ಕಲ್ಲಿನ ಮೇಲೆ ಕುತ್ತಿಗೆಯೆತ್ತಿ ಕೂತು ಕಣ್ಣು ಅರೆಮುಚ್ಚುವ ಠೀವಿ ಹಾಗಿತ್ತು. ಅವಳು ಪಡಸಾಲೆಯ ಕಿಟಕಿಯ ಪಕ್ಕ ಕೂತು ಜಂಪರು ಹೊಲಿಯುತ್ತ ಅದರೊಡನೆ ಮಾತಾಡುತ್ತಿದ್ದಳು. ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. “ಅಡಿಗಿ ನಂದು, ಹಿಕ್ಕಿ ನಿಮ್ಮದು,” ಎಂದು ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಒಣ ಹಿಕ್ಕೆ ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಅದು ಅರ್ಧ ನಿಜ. ಕಪ್ಪು ಭಾಗ ಒಣಗಿರುತ್ತಿತ್ತು. ಅದಕ್ಕೆ ಅಂಟಿಕೊಂಡು ಸುಣ್ಣದ ಮುದ್ದೆಯಂಥ ಬಿಳಿಯದೊಂದು ಇರುತ್ತಿತ್ತು, ಅದು ಹಸಿ. ಹುಳಿ ಮಜ್ಜಿಗೆಯಲ್ಲಿ ಕೂದಲು ಸುಟ್ಟಂಥ ನಾತ. ದಿನಾ ಸಂಜೆ ಕೆಲಸದಿಂದ ಬಂದು ಚನ್ನವೀರ ಮೂಗಿಗೆ ವಸ್ತ್ರ ಕಟ್ಟಿ, ಉಸಿರು ಹಿಡಿದು, ಚಮಚೆಯಿಂದ ಕೆರೆದು ಡಬ್ಬಿಗೆ ತುಂಬಬೇಕು. ಅಷ್ಟು ಹೊತ್ತೂ ರಾವಸಾಹೇಬ ಎರಡು ತುದಿಯ ನಾಲಗೆಯಿಂದ ಅವನ ಮುಂಗೈಯ ರುಚಿ ನೋಡುತ್ತಿತ್ತು. ಒಂದು ಸಂಜೆ ಬಿಳಿಯ ಮುದ್ದೆ ಚಮಚೆಯಿಂದ ಜಾರಿ ಅವನ ಪಾದದ ಮೇಲೆ ಬಿತ್ತು. ಬೆಚ್ಚಗಿತ್ತು. ಅವನು ಬಚ್ಚಲಿಗೆ ಓಡಿ ಮಧ್ಯಾಹ್ನದ ಊಟವನ್ನೆಲ್ಲ ಕಾರಿಕೊಂಡ.

ಬಚ್ಚಲ ಗೋಡೆಗೆ ಹಣೆಯೊತ್ತಿ ನಿಂತಾಗಲೇ ಅವನಿಗೆ ಹೊಳೆದದ್ದು. ಬೆಚ್ಚಗಾದರೆ ತಾನೆ ಇದು ಹೇಲುವುದು?

ಉಡ ತಣ್ಣಗಿರಬೇಕು, ನಗರಸಭೆಗೆ ಮಾತ್ರ ಬಿಸಿ ಕಾಣಬೇಕು. ಅಂದರೆ ಬಿಲ್ಲೆ ಬೇರೆಲ್ಲೋ ಬೆಚ್ಚಗೆ ಕೂರಬೇಕು. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಬಿಡದೆ ಬೆಚ್ಚಗಿರುವ ಜಾಗ ಆ ಮನೆಯಲ್ಲಿ ಒಂದೇ ಇತ್ತು, ಆ ಬಡಾವಣೆಯ ಪ್ರತಿ ಮನೆಯಲ್ಲೂ ಒಂದೊಂದಿತ್ತು: ರೊಟ್ಟಿಯ ಹಾಟ್‌ಬಾಕ್ಸು.

ಬಿಲ್ಲೆಯನ್ನು ಹತ್ತು ನಿಮಿಷ ಕುದಿಸಿದ. ಸ್ಪಿರಿಟ್ಟಿನಿಂದ ಒರೆಸಿದ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಡಬ್ಬಿಯ ತಳಕ್ಕಿಟ್ಟು, ಅದರಡಿ ಬಿಲ್ಲೆ ಸೇರಿಸಿದ. ಒಂದು ಮಡಿಕೆಗೆ ಐವತ್ತು ತೋರಿಸಿ ಎಚ್ಚರಿಕೆ ಹೊಡೆದುಕೊಳ್ಳುತ್ತಿತ್ತು, ಮೂರಕ್ಕೆ ಮೂವತ್ತೆಂಟು. ಎರಡಕ್ಕೆ ನಲವತ್ತಮೂರು. ಮೂರು ದಿನ ಅದನ್ನೇ ಪರೀಕ್ಷಿಸಿದ. ಕಾಲೇಜಿನಲ್ಲಿ ಕೂಡ ಅವನು ಇಷ್ಟು ನಿಷ್ಠೆಯಿಂದ ಪ್ರಯೋಗ ಮಾಡಿರಲಿಲ್ಲ.

“ಅಲ್ರಿ, ಇದು ಆ ಪೆಟಗಿ ಒಳಗ ಇದ್ದದ್ದಲ್ಲೇನು?” ದಾಕ್ಷಾಯಣಿ ಹಿಟ್ಟಿನ ಕೈಯನ್ನು ಮೇಲೆತ್ತಿ ಹಿಡಿದು ಕೇಳಿದಳು.

“ಕುದಿಸೇನಿ ದಾಕ್ಷು. ಸ್ಪಿರಿಟ್ ಹಚ್ಚೇನಿ. ದವಾಖಾನಿ ಸೂಜಿಗಿಂತ ಸ್ವಚ್ಛ ಐತಿ.”

“ನೀವು ಓದಿದವ್ರು ಹೇಳತೀರಿ ಅಂದ್ರ ಸರಿ,” ಎಂದು ಅವಳು ಬಿಸಿ ರೊಟ್ಟಿಯನ್ನು ಅದರ ಮೇಲೆ ಇಟ್ಟಳು.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಮರುದಿನ ಡಬ್ಬಿಯಿಂದ ತೆಗೆದ ರೊಟ್ಟಿಯನ್ನು ಮುರಿದು ಬಾಯಿಗಿಟ್ಟಾಗ ಕಡಪ ಕಲ್ಲು ಕಣ್ಣಿಗೆ ಬಂತು. ಅದರ ಮೇಲೆ ಜಾರುವ ಹಳದಿ ಹೊಟ್ಟೆ, ಹೊಟ್ಟೆಯ ಕೊನೆಯ ಆ ಸೀಳು. ತುತ್ತು ಗಂಟಲಲ್ಲೇ ನಿಂತಿತು. ನೀರು ಕುಡಿದು ನೂಕಿದ. “ತಡಾ ಆಗೈತಿ, ಬುತ್ತಿ ಕಟ್ಟಿಬಿಡು,” ಎಂದ. ಅಗಸಿ ಚಟ್ನಿ ಸವರಿ ನಾಲ್ಕು ಮಡಿಕೆ ಮಾಡಿ ಕಟ್ಟಿದ ರೊಟ್ಟಿಗಳನ್ನು ಅವಳು ಕೊಟ್ಟಳು. ಅವನ್ನು ಎಸೆಯಲು ಊರಲ್ಲೆಲ್ಲೂ ತೊಟ್ಟಿಯಿಲ್ಲ. ಹೊರಡುವಾಗ ಪೆಟ್ಟಿಗೆಯ ಮೇಲಿನ ಕಿಂಡಿ ತೆಗೆದು ಮಡಿಕೆ ಬಿಚ್ಚದೆ ಒಳಗೆ ಬಿಟ್ಟ. ರಾವಸಾಹೇಬ ಹಾಗೇ ನುಂಗಿತು. ಚನ್ನವೀರ ಕ್ಯಾಂಟೀನಿನಲ್ಲಿ ಅವಲಕ್ಕಿ ತಿಂದ. ಮರುದಿನವೂ ಹಾಗೇ. ಅದರ ಮರುದಿನವೂ. ದಾಕ್ಷಾಯಣಿ ಮಾತ್ರ ದಿನಾ ಅದೇ ಡಬ್ಬಿಯಿಂದ ರೊಟ್ಟಿ ತೆಗೆದು ಉಣ್ಣುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

*

ನಗರಸಭೆಯ ಮೂರನೆಯ ಮಹಡಿಯಲ್ಲಿ ಕಾವು ಕೊಠಡಿ. ಗೋಡೆಯಗಲದ ಪರದೆಯ ಮೇಲೆ ಊರಿನ ಪ್ರತಿ ಉಡದ ಕಲ್ಲಿನ ಶಾಖ ಒಂದೊಂದು ಗೆರೆಯಾಗಿ ಓಡುತ್ತಿತ್ತು. ಹಸಿರಾದರೆ ಕ್ಷೇಮ, ಹಳದಿಯಾದರೆ ತಣ್ಣಗೆ, ಕೆಂಪಾದರೆ ಅತಿ ಬಿಸಿ. ಕೊಠಡಿಯ ಮುಖ್ಯಸ್ಥೆ ಡಾ. ಜಲಜಾಕ್ಷಿ ರೈ ಮಂಗಳೂರಿನ ಕಡೆಯವರು, ಸರೀಸೃಪ ವೈದ್ಯೆ. ಬೈಯುವಾಗಲೂ ಬಹುವಚನ ಬಿಡುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಚನ್ನವೀರ ಅವರ ದನಿಯನ್ನು ಅಚ್ಚೊತ್ತಿದಂತೆ ಆಡಿ ತೋರಿಸಿ ಗೆಳೆಯರಿಂದ ಚಹಾ ಗಿಟ್ಟಿಸುತ್ತಿದ್ದ.

“ನಿಮ್ಮ ನೀಲಗಂಗಾ ಬಡಾವಣೆಯ ಗೆರೆ ನೋಡಿ ಮಾರಾಯ್ರೆ,” ಎಂದರು ಡಾ. ರೈ ಒಂದು ಬೆಳಿಗ್ಗೆ. “ಒಂದು ಹಳದಿ ಇಲ್ಲ. ಉಳಿದ ಬಡಾವಣೆಯವರು ನಿಮ್ಮ ಕಾಲು ತೊಳೆದು ನೀರು ಕುಡಿಯಬೇಕು. ಹೇಗೆ ಮಾಡಿಸಿದ್ದು?”

ಚನ್ನವೀರ ಪರದೆ ನೋಡಿದ.

ದೀಪದ ಶಾಖದ ಗೆರೆ ಗರಗಸದ ಹಲ್ಲಿನಂತೆ ಏರಿಳಿಯಬೇಕು: ಹತ್ತುವುದು, ಆರುವುದು, ಹತ್ತುವುದು, ಆರುವುದು. ಇಲ್ಲಿ ಇನ್ನೂರ ಹನ್ನೆರಡು ಮನೆಗಳ ಗೆರೆಗಳು ಬೆಳಿಗ್ಗೆ ಎಂಟಕ್ಕೆ ಒಮ್ಮೆಗೇ ನೆಗೆದು, ಆಮೇಲೆ ಮೆಲ್ಲಗೆ, ಆರಾಮಾಗಿ ಇಳಿಯುತ್ತಿದ್ದವು. ಅದು ದೀಪದ ಗೆರೆಯಲ್ಲ, ಡಬ್ಬಿಯ ಗೆರೆ. ಬೇಗ ಇಳಿದದ್ದು ಜೋಳದ ರೊಟ್ಟಿ. ತಡವಾಗಿ ಇಳಿದದ್ದು ತುಪ್ಪ ಹಚ್ಚಿದ ಚಪಾತಿ. ನಡುವೆ ಎರಡು ಸಲ ಕುಣಿದದ್ದು, ಮಕ್ಕಳು ಪದೇ ಪದೇ ಮುಚ್ಚಳ ತೆಗೆಯುವ ಮನೆ. ಇಡೀ ಬಡಾವಣೆಯ ಅಡುಗೆ ಮನೆ ಗೋಡೆಯ ಮೇಲೆ ಹಸಿರಾಗಿ ಹರಡಿತ್ತು. ಡಾ. ರೈಯವರ ಊರಲ್ಲಿ ಜೋಳದ ರೊಟ್ಟಿ ಬಡಿಯುವ ಪದ್ಧತಿಯಿಲ್ಲ. ಅವರು ಅದನ್ನು ಶಿಸ್ತೆಂದು ಓದಿಕೊಂಡರು.

“ಜನ ತಿಳಿವಳಿಕಿ ಇದ್ದವ್ರು ಮೇಡಂ,” ಎಂದ ಚನ್ನವೀರ.

ಹಿಕ್ಕೆ ಬರುವುದು ನಿಂತದ್ದಾದರೂ ಗೊತ್ತಾಗಬೇಕಿತ್ತು. ಆದರೆ ಹಿಕ್ಕೆಯ ಲೆಕ್ಕ ಕೆಳಗಿನ ಮಹಡಿಯದು, ತಿಂಗಳಿಗೊಮ್ಮೆ ತೂಗುವವರು. ಮೇಲಿನ ಮಹಡಿಗೂ ಕೆಳಗಿನ ಮಹಡಿಗೂ ಲಿಫ್ಟಿನ ವಿಷಯದಲ್ಲಿ ಮನಸ್ತಾಪವಾಗಿ ಮಾತು ಬಿಟ್ಟಿತ್ತು.

ಸಂಜೆ ಮನೆಗೆ ಬಂದವನೇ ಕೇಳಿದ: “ಯಾರಿಗೆ ಹೇಳಿದಿ?”

“ಸಾವಂತ್ರೆವ್ವ ಕಾಕುಗ ಒಬ್ಬಾಕಿಗೇ. ಪಾಪ, ಹಿಕ್ಕಿ ಬಳದು ಬಳದು ಸೊಂಟಾ ಹಿಡಕೊಂಡಿತ್ತು ಅಕಿಗೆ.”

ಸಾವಂತ್ರೆವ್ವನಿಗೆ ಹೇಳುವುದೂ ಗುಡಿಯ ಮೈಕಿನಲ್ಲಿ ಹೇಳುವುದೂ ಒಂದೇ. ಹತ್ತೇ ದಿನದಲ್ಲಿ ಬಡಾವಣೆಯ ಹೆಂಗಸರೆಲ್ಲ ಬಿಲ್ಲೆ ಕುದಿಸಿದ್ದರು.

*

ತಣ್ಣಗಿದ್ದ ಉಡ ತಿನ್ನುತ್ತಿತ್ತು, ಹೇಲುತ್ತಿರಲಿಲ್ಲ. ಎಲ್ಲರಿಗೂ ಸುಖವಾಯಿತು. ಹಾಕಿದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ತೊಟ್ಟಿಯಿದ್ದ ಕಾಲದಲ್ಲೂ ಕೇಳಿದವರಲ್ಲ.

ಹೋಗಿದ್ದು ಎಲ್ಲಿಗೂ ಇಲ್ಲ. ಇಪ್ಪತ್ತಮೂರು ಡಿಗ್ರಿಯಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ಕೈಕಟ್ಟಿ ಕೂತಿದ್ದವು, ಕೆಟ್ಟವು ಕೆಲಸ ಶುರು ಮಾಡಿದ್ದವು. ಹದಿನೈದನೆಯ ದಿನದ ಹೊತ್ತಿಗೆ ರಾವಸಾಹೇಬ ಸೋರೆಕಾಯಿಯಂತೆ ಉಬ್ಬಿತ್ತು. ಮೈಯ ಹುರುಪೆಗಳು ಒಂದರಿಂದೊಂದು ದೂರ ಸರಿದು ನಡುವೆ ತೆಳ್ಳನೆಯ ಗುಲಾಬಿ ಚರ್ಮ ಕಾಣುತ್ತಿತ್ತು. ಹತ್ತಿರ ಕಿವಿಯಿಟ್ಟರೆ ಒಳಗೆ ಅಂಬಲಿ ಕುದಿಯುವಂಥ ಸಪ್ಪಳ. ನಾತವೂ ಬದಲಾಗಿತ್ತು. ಈಗ ಸಿಹಿಯಾಗಿತ್ತು, ಕೊಳೆತ ಹಲಸಿನ ಹಣ್ಣಿನ ಮೇಲೆ ಅತ್ತರು ಚೆಲ್ಲಿದಂತೆ. ಮೊದಲಿನ ನಾತವೇ ವಾಸಿಯಿತ್ತು.

“ನಮ್ಮದು ಮೈ ಕೈ ತುಂಬಿಕೊಂಡೈತಿ ನೋಡಪಾ,” ಎಂದು ಸಾವಂತ್ರೆವ್ವ ಹೆಮ್ಮೆಯಿಂದ ಕರೆದೊಯ್ದು ತೋರಿಸಿದಳು. “ಬಸರ್ಯಾಗೈತೇನು?”

“ಕಾಕು, ಅದು ಗಂಡು.”

“ಹಂಗಾರ ಚಲೋ ತಿಂದೈತಿ.”

ಅವಳ ಉಡ ನಡೆಯಲು ಹೋಗಿ ಹೊಟ್ಟೆಯ ಮೇಲೆ ತೊನೆದಾಡಿತು. ಕಾಲುಗಳು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಚನ್ನವೀರ ಓದಿದವನು. ಇದರ ಅರ್ಥ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಿಲ್ಲೆಗಳನ್ನು ವಾಪಸು ಪೆಟ್ಟಿಗೆಗೆ ಹಾಕಿ, ದಿನಕ್ಕೆ ಎರಡೆರಡು ಡಿಗ್ರಿಯಂತೆ ಮೆಲ್ಲಗೆ ಕಾವು ಏರಿಸಿದರೆ ಉಡಗಳು ಬದುಕಿಕೊಳ್ಳುತ್ತವೆ. ಆದರೆ ಆಗ ಒಳಗಿದ್ದದ್ದೆಲ್ಲ ಹೊರಗೆ ಬರಬೇಕು. ಹದಿನೈದು ದಿನದ್ದು, ಒಟ್ಟಿಗೆ. ಹಿಕ್ಕೆ ಅವನ ಪಾಲಿನ ಕೆಲಸ. ಅದನ್ನು ನೆನೆದರೆ ಬಾಯಲ್ಲಿ ಉಪ್ಪು ನೀರೂರುತ್ತಿತ್ತು. ಬರುವ ವಾರ ಹೇಳೋಣ ಎಂದುಕೊಂಡ. ದಿನ ಹೋದಂತೆ ಒಳಗಿನದೂ ಹೆಚ್ಚಾಯಿತು, ಹೇಳುವ ಧೈರ್ಯವೂ ಕರಗಿತು.

*

ಬಂದ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ಕಾವು ಕೊಠಡಿಯ ಬಾಗಿಲು ತಳ್ಳಿದಾಗ ಗೋಡೆಯ ಒಂದು ಮೂಲೆ ಹಳದಿಯಾಗಿತ್ತು. ಇನ್ನೂರ ಹನ್ನೆರಡು ಗೆರೆಗಳೂ ಇಪ್ಪತ್ನಾಲ್ಕು ಡಿಗ್ರಿಯಲ್ಲಿ ನೆಲಕ್ಕಂಟಿ ಮಲಗಿದ್ದವು.

“ನೀಲಗಂಗಾದಾಗ ದೀಪ ಎಲ್ಲಾ ಕೆಟ್ಟಾವು,” ಎಂದ ಪಾಳಿಯ ಗುಮಾಸ್ತ. “ಎಲ್ಲಾ ಒಮ್ಮೆಗೇ. ಮೇಡಂಗೆ ಫೋನ್ ಮಾಡೇನಿ, ಬರಾಕತ್ತಾರ.”

ದೀಪ ಕೆಟ್ಟಿರಲಿಲ್ಲ. ಚನ್ನವೀರ ಗೋಡೆಯ ಪಂಚಾಂಗ ನೋಡಿದ. ಶ್ರಾವಣದ ಮೊದಲ ಸೋಮವಾರ. ಬಡಾವಣೆಗೆ ಬಡಾವಣೆಯೇ ಒಪ್ಪತ್ತು. ಸಂಜೆ ಈಶ್ವರನ ಗುಡಿಯಿಂದ ಬಂದ ಮೇಲೇ ಒಲೆ ಹಚ್ಚುವುದು. ಇವತ್ತು ಯಾವ ಮನೆಯಲ್ಲೂ ರೊಟ್ಟಿ ಬಡಿದಿಲ್ಲ. ಬೆಳಿಗ್ಗೆ ದಾಕ್ಷಾಯಣಿ ಬುತ್ತಿ ಕಟ್ಟದಿದ್ದಾಗ ಕಿಂಡಿ ತೆಗೆಯುವ ಕೆಲಸ ತಪ್ಪಿತೆಂದಷ್ಟೇ ಅವನು ಎಣಿಸಿದ್ದ. ಇನ್ನೂರ ಹನ್ನೆರಡು ಡಬ್ಬಿಗಳು ಖಾಲಿ.

ಖಾಲಿ ಡಬ್ಬಿಯೊಳಗಿನ ಬಿಲ್ಲೆ ಕಲ್ಲು ತಣ್ಣಗಿದೆ ಎಂದು ಸಾರುತ್ತಿದೆ. ದೀಪ ಅದನ್ನು ನಂಬಿ ಎಂಟು ಗಂಟೆಯಿಂದ ಒಂದೇ ಸಮನೆ ಉರಿಯುತ್ತಿದೆ. ಎಷ್ಟು ಉರಿದರೂ ಡಬ್ಬಿ ಬಿಸಿಯಾಗುವುದಿಲ್ಲ. ಡಬ್ಬಿ ಬಿಸಿಯಾಗದೆ ದೀಪ ಆರುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಈಗಾಗಲೇ ಕಲ್ಲು ಅರವತ್ತರ ಮೇಲಿರಬೇಕು. ಗಟ್ಟಿಮುಟ್ಟಾದ ಉಡ ತಣ್ಣನೆಯ ತುದಿಗೆ ಓಡೀತು. ಹೊಟ್ಟೆ ನೆಲಕ್ಕೊರಗಿ ಕಾಲು ಎಟುಕದ ಉಡ ಎಲ್ಲಿಗೆ ಓಡೀತು? ಒಳಗಿನ ಕೊಳೆ ಬಿಸಿಗೆ ಉಕ್ಕುತ್ತಿರಬೇಕು.

ದಾಕ್ಷಾಯಣಿಗೆ ಫೋನು ಮಾಡಿದ. ಗಂಟೆ ಹೊಡೆದು ಹೊಡೆದು ನಿಂತಿತು. ಸಾವಂತ್ರೆವ್ವ, ಅವಳ ಆಚೆ ಮನೆಯವರು, ಎದುರು ಮನೆಯವರು, ಯಾರೂ ಎತ್ತಲಿಲ್ಲ. ಎಲ್ಲರೂ ಬೆಳಗಿನ ರುದ್ರಾಭಿಷೇಕಕ್ಕೆ ಹೋಗಿದ್ದಾರೆ. ಫೋನುಗಳೆಲ್ಲ ಮನೆಯಲ್ಲಿ, ಬೀಗದೊಳಗೆ, ಉರಿಯುವ ಪೆಟ್ಟಿಗೆಗಳ ಪಕ್ಕದಲ್ಲಿ.

ಉಳಿದದ್ದೊಂದೇ ದಾರಿ: ವಿದ್ಯುತ್ ಉಪಕೇಂದ್ರದವರು ಬಡಾವಣೆಯ ಕರೆಂಟನ್ನೇ ತೆಗೆಯಬೇಕು. ಅದಕ್ಕೆ ಡಾ. ರೈಯವರ ಆದೇಶ ಬೇಕು. ಡಾ. ರೈಯವರಿಗೆ ಕಾರಣ ಬೇಕು. ಕಾರಣ ಹೇಳಿದರೆ ಹಾಟ್‌ಬಾಕ್ಸು ಹೇಳಬೇಕು, ಹಾಟ್‌ಬಾಕ್ಸು ಹೇಳಿದರೆ ಕೆಲಸಕ್ಕೆ ಸಂಚಕಾರ. ಮೂಲೆಯ ಫೋನೆತ್ತಿ ಗಂಟಲು ಸರಿಮಾಡಿಕೊಂಡ.

“ಹಲೋ, ನಾನು ಜಲಜಾಕ್ಷಿ ರೈ ಮಾತಾಡುವುದು,” ಎಂದ, ಮೂಗಿನಲ್ಲಿ ಸ್ವಲ್ಪ ಗಾಳಿ ತುಂಬಿ. “ನೀಲಗಂಗಾ ಬಡಾವಣೆಯ ಲೈನ್ ಒಮ್ಮೆ ಆಫ್ ಮಾಡಿ ಮಾರಾಯ್ರೆ. ಅರ್ಜೆಂಟ್ ಉಂಟು.”

“ಕಾರಣ ಏನಂತ ಬರಕೊಳ್ಳಲಿ ಮೇಡಂ?” ಎಂದಿತು ಆ ಕಡೆಯ ದನಿ.

“ಕಾರಣ…” ಚನ್ನವೀರ ತೊದಲಿದ. “ಕಾರಣ ಎಂತದು ಅಂತ ಹೇಳಿದ್ರೆ…”

“ಹೇಳಿ, ನನಗೂ ಕೇಳಬೇಕು,” ಎಂದಿತು ಅವನು ಅನುಕರಿಸುತ್ತಿದ್ದ ದನಿಯೇ, ಈ ಬಾರಿ ಬೆನ್ನ ಹಿಂದಿನಿಂದ. ಡಾ. ರೈ ಒದ್ದೆ ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ನನ್ನ ಹಾಗೆ ಮಾತಾಡ್ಲಿಕ್ಕೆ ಬರ್ತದೆ ನಿಮಗೆ. ನನ್ನ ಹಾಗೆ ಒಮ್ಮೆ ಯೋಚನೆ ಮಾಡಿ ನೋಡಿ. ದೀಪ ಉರಿಯದೆ ತಣ್ಣಗಾದ ಕಡೆ ಕರೆಂಟ್ ತೆಗೀಲಿಕ್ಕೆ ಯಾರಾದ್ರೂ ಹೇಳ್ತಾರಾ?”

ಫೋನಿನಲ್ಲಿ ಆ ಕಡೆಯವನು ಇನ್ನೂ ಕಾಯುತ್ತಿದ್ದ. ಸುಳ್ಳು ಹೇಳಲು ಈಗಲೂ ಜಾಗವಿತ್ತು. ಶಾರ್ಟ್ ಸರ್ಕ್ಯೂಟ್ ಎನ್ನಬಹುದಿತ್ತು. ಅಂದರೆ ಲೈನು ಹೋಗುತ್ತದೆ, ಸಂಜೆ ಬರುತ್ತದೆ, ನಾಳೆ ಬಿಲ್ಲೆ ಮತ್ತೆ ರೊಟ್ಟಿಯಡಿ ಬೆಚ್ಚಗೆ ಕೂರುತ್ತದೆ. ಉಬ್ಬಿದ ಉಡಗಳಿಗೆ ಏನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಇವತ್ತು ಸತ್ತದ್ದು ಇವತ್ತು, ಉಳಿದದ್ದು ನಾಳೆಯೋ ನಾಡಿದ್ದೋ ಸಾಯುತ್ತದೆ.

“ದೀಪ ಉರಿಯಾಕತ್ತಾವ್ರಿ ಮೇಡಂ,” ಎಂದ ಅವನು, ತನ್ನದೇ ದನಿಯಲ್ಲಿ. “ಬಿಲ್ಲೆ ಪೆಟಗ್ಯಾಗ ಇಲ್ಲ. ರೊಟ್ಟಿ ಡಬ್ಬ್ಯಾಗ ಐತಿ. ಎಲ್ಲಾ ಮನ್ಯಾಗೂ. ಮೊದಲ ಇಟ್ಟಾಂವ ನಾನು.”

ಡಾ. ರೈ ಪರದೆ ನೋಡಿದರು, ಅವನನ್ನು ನೋಡಿದರು, ಮತ್ತೆ ಪರದೆ ನೋಡಿದರು. ಇಷ್ಟು ದಿನದ ಹಸಿರು ಗೆರೆಗಳು ಏನಾಗಿದ್ದವೆಂದು ಅವರಿಗೆ ಅರ್ಥವಾಗುತ್ತ ಹೋದದ್ದು ಮುಖದಲ್ಲಿ ಕಾಣುತ್ತಿತ್ತು. ಫೋನು ಕಸಿದುಕೊಂಡು ಆದೇಶ ಕೊಟ್ಟರು. ಗೋಡೆಯ ಮೂಲೆ ಕಪ್ಪಾಯಿತು.

“ಎಷ್ಟು ದಿನ ಆಯ್ತು ಅವು ಹೊರಗೆ ಹೋಗದೆ?”

“ನಮ್ಮ ಮನ್ಯಾಗ ಹತ್ತೊಂಬತ್ತು.”

ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡರು. ಇಲ್ಲಿಗೇ ನಾತ ಬಂದಂತೆ. “ಇನ್ನು ದೀಪ ಹಾಕಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಬೇಕು. ಪಕ್ಕೆಯಿಂದ ಬಾಲದ ಕಡೆಗೆ ಮೆಲ್ಲ ಹೊಟ್ಟೆ ನೀವಬೇಕು, ಎಲ್ಲ ಬರುವವರೆಗೆ. ನಾನು ಪೂರ್ವದ ಸಾಲಿನಿಂದ ಶುರು ಮಾಡ್ತೇನೆ. ಪಶ್ಚಿಮದ ಸಾಲು ನಿಮ್ಮದು. ನಿಮ್ಮ ಕೆಲಸದ ವಿಷಯ ಆಮೇಲೆ ಮಾತಾಡುವ.”

“ಗ್ಲೌಸ್…”

“ಗ್ಲೌಸ್ ಹಾಕಿದ್ರೆ ಎಲ್ಲಿ ಗಟ್ಟಿ ಉಂಟು ಎಲ್ಲಿ ಗಾಳಿ ಉಂಟು ಕೈಗೆ ಗೊತ್ತಾಗುವುದಿಲ್ಲ. ಒತ್ತಿದ್ರೆ ಒಡೀತದೆ. ಬರಿ ಕೈ.”

*

ನೀಲಗಂಗಾ ಬಡಾವಣೆಯ ನಾತ ಮುಖ್ಯ ರಸ್ತೆಗೇ ಬಂದು ಎದುರುಗೊಂಡಿತು. ವಿಭೂತಿ ಹಚ್ಚಿಕೊಂಡು ಗುಡಿಯಿಂದ ಮರಳಿದ ಜನ ತಮ್ಮ ಬಾಗಿಲ ಮುಂದೆಯೇ ನಿಂತಿದ್ದರು, ಒಳಗೆ ಹೋಗಲಾರದೆ. ಮೂವತ್ತೊಂದು ಉಡಗಳು ಸತ್ತಿದ್ದವು. ಕೆಲವು ಒಡೆದಿದ್ದವು.

ಸಾವಂತ್ರೆವ್ವನದು ಕಲ್ಲಿನ ಮೇಲೇ ಇತ್ತು. ಪೆಟ್ಟಿಗೆಯ ಗಾಜಿಗೆ ಒಳಗಿನಿಂದ ಕಂದು ಲೋಳೆ ಮೆತ್ತಿತ್ತು; ಅದರೊಳಗೆ ಈರುಳ್ಳಿ ಸಿಪ್ಪೆ ಕೂಡ ಹಾಗೇ ಅಂಟಿಕೊಂಡಿತ್ತು. ಚನ್ನವೀರ ಅಂಗಳದ ಮೂಲೆಗೆ ಹೋಗಿ ಎರಡು ಸಲ ವಾಂತಿ ಮಾಡಿಕೊಂಡು ಬಂದ. ಸಾವಂತ್ರೆವ್ವ ಮೂಗು ಮುಚ್ಚಿರಲಿಲ್ಲ.

“ನಾ ಒಪ್ಪತ್ತು ಹಿಡದದ್ದು ತಪ್ಪಾತೇನಪಾ?” ಎಂದು ಕೇಳಿದಳು.

“ಇಲ್ಲ ಕಾಕು. ನಂದು ತಪ್ಪು.”

“ನಿಂದಽ,” ಎಂದು ಅವಳು ಹೇಳಿ, ಪೊರಕೆ ಹುಡುಕುತ್ತ ಒಳಗೆ ಹೋದಳು.

ಅವನ ಮನೆಯಲ್ಲಿ ದಾಕ್ಷಾಯಣಿ ಪೆಟ್ಟಿಗೆಯ ಬಾಗಿಲು ತೆಗೆದು ನಿಂತಿದ್ದಳು. ರಾವಸಾಹೇಬ ಅದು ಹೇಗೋ ಹೊರಳಿ ತಣ್ಣನೆಯ ಗೂಡಿಗೆ ತಲೆ ತೂರಿಸಿಕೊಂಡಿತ್ತು. ಉಸಿರಿತ್ತು. ಬಾಯಂಚಿನಲ್ಲಿ ಹಸಿರು ನೊರೆ. ದೀಪ ಆರದೆ ಉರಿದದ್ದನ್ನೂ, ಡಬ್ಬಿಯ ವಿಷಯ ಕಚೇರಿಯಲ್ಲಿ ಒಪ್ಪಿಕೊಂಡದ್ದನ್ನೂ ಅವನು ಹೇಳಿದ. ಬಚ್ಚಲಲ್ಲಿ ಬಟ್ಟೆ ನೆನೆಹಾಕುವ ಟಬ್ಬಿಗೆ ಅವಳು ಬೆಚ್ಚನೆಯ ನೀರು ಹುಯ್ದಳು. ಅವನು ತೋಳೇರಿಸಿ, ಕಣ್ಣು ಮುಚ್ಚಿ, ಉಡದ ಹೊಟ್ಟೆಯಡಿ ಎರಡೂ ಕೈಯಿಟ್ಟು ಎತ್ತಿದ. ತಣ್ಣನೆಯ ಚೀಲದಲ್ಲಿ ಗಂಜಿ ತುಂಬಿ ಎತ್ತಿದಂತಿತ್ತು. ಕೈಯೊಳಗೆ ಏನೋ ಹೊರಳಿತು.

ನೀವಿದ. ಪಕ್ಕೆಯಿಂದ ಬಾಲದ ಕಡೆಗೆ. ಗಟ್ಟಿ, ಗಾಳಿ, ಗಟ್ಟಿ. ಮೊದಲು ಗಾಳಿ ಬಂತು; ಅವನು ಮುಖ ತಿರುಗಿಸಿ ಗೋಡೆಗೆ ಕಾರಿದ, ಕೈ ತೆಗೆಯಲಿಲ್ಲ. ಆಮೇಲೆ ಕಪ್ಪು ನೀರು. ಆಮೇಲೆ ಹಳೆಯದೆಲ್ಲ, ಒಳಗೆ ಹೋದ ಕ್ರಮದಲ್ಲೇ: ಮೆಂತ್ಯದ ದಂಟು, ಬದನೆ ತೊಟ್ಟು, ಲೋಳೆಯಲ್ಲಿ ಸುತ್ತಿಕೊಂಡ ಕರಿಬೇವು. ಬೆರಳುಗಳ ಸಂದಿಯಲ್ಲಿ ಅವು ಜಾರಿ ನೀರಿಗಿಳಿದವು.

ನಂತರ ದಪ್ಪಗಿನದೊಂದು ಬಂತು. ಬೂದಿ ಬಣ್ಣದ್ದು, ಮೂಲೆಗಳಿದ್ದದ್ದು. ನೀರಿನಲ್ಲಿ ಮೆಲ್ಲಗೆ ಅದರ ಒಂದು ಮಡಿಕೆ ಬಿಚ್ಚಿಕೊಂಡಿತು, ಇನ್ನೊಂದು ಬಿಚ್ಚಿಕೊಂಡಿತು. ಒಳಗೆ ಅಗಸಿ ಚಟ್ನಿಯ ಕೆಂಪು ಇನ್ನೂ ಉಳಿದಿತ್ತು. ಅದರ ಹಿಂದೆ ಅಂಥದೇ ಇನ್ನೊಂದು. ಮತ್ತೊಂದು.

ದಾಕ್ಷಾಯಣಿ ಬಗ್ಗಿ ನೋಡಿದಳು. ತನ್ನ ಕೈಯ ಮಡಿಕೆ ಅವಳಿಗೆ ಗೊತ್ತಾಗದೆ ಇರುತ್ತದೆಯೇ?

“ಇವು ನಿಮ್ಮ ಬುತ್ತಿ.”

ಚನ್ನವೀರ ನೀವುತ್ತಲೇ ಇದ್ದ.

“ಎಂದಿನಿಂದ?”

“ಮೊದಲನೇ ದಿನದಿಂದ.”

“ಸ್ವಚ್ಛ ಇರಲಿಲ್ಲೇನು ಹಂಗಾರ?”

“ಇತ್ತು. ಖರೇನೂ ಇತ್ತು. ನನಗ… ಗಂಟಲದಾಗ ಇಳೀಲಿಲ್ಲ ದಾಕ್ಷು.”

ಅವಳು ಟಬ್ಬಿನಲ್ಲಿ ತೇಲುವುದನ್ನು ಎಣಿಸಿದಳು.

“ನನಗ ಇಳೀತು,” ಎಂದಳು. “ದಿನಾ.”

ಅವನು ಏನೋ ಹೇಳಲು ಬಾಯಿ ತೆರೆದ. ಬಾಯಲ್ಲಿ ವಾಂತಿಯ ಹುಳಿಯಿತ್ತು.

“ಹೇಳಬ್ಯಾಡ್ರಿ.” ಹೆಗಲ ಮೇಲಿದ್ದ ಟವೆಲನ್ನು ಅವಳು ಗೂಟಕ್ಕೆ ಹಾಕಿದಳು. “ಹೊಲಸು ಆ ಪ್ರಾಣಿ ಮೈಯಾಗ ಐತಿ ಅಂತ ತಿಳದಿದ್ದೆ. ನಾ ಕಾಕು ಮನಿಗೆ ಹೋಗತೇನಿ, ಅಲ್ಲಿ ಬಳಿಯೂದು ಬಾಳ ಐತಿ. ಒಪ್ಪತ್ತೂ ಅಲ್ಲೇ ಬಿಡತೇನಿ. ನಿಮ್ಮ ರೊಟ್ಟಿ ಇನ್ನ ನೀವಽ ಬಡಕೊಳ್ರಿ.”

ಬಾಗಿಲು ಹಾಕಿಕೊಂಡ ಸಪ್ಪಳವಾಯಿತು.

ಕರೆಂಟಿರಲಿಲ್ಲ. ಮಳೆ ಮೋಡಕ್ಕೆ ಬಚ್ಚಲು ಮಬ್ಬಾಗಿತ್ತು, ನೀರು ತಣ್ಣಗಾಗುತ್ತಿತ್ತು. ಪಶ್ಚಿಮದ ಸಾಲಿನ ಉಳಿದ ಮನೆಗಳು ಕಾಯುತ್ತಿದ್ದವು. ರಾವಸಾಹೇಬ ಈಗ ಬತ್ತಿದ ಚೀಲದಂತಿತ್ತು, ಮೈಯೆಲ್ಲ ಲೋಳೆ. ಅದು ತಲೆಯೆತ್ತಿ ಎರಡು ತುದಿಯ ನಾಲಗೆಯನ್ನು ಗಾಳಿಗೆ ಚಾಚಿತು, ಟಬ್ಬಿನ ಅಂಚಿಗೆ ಚಾಚಿತು, ಅವನ ಮೊಣಕೈಗೆ ಚಾಚಿತು. ಆಮೇಲೆ ಮೆಲ್ಲಗೆ, ಒಂದೊಂದೇ ಉಗುರು ಊರುತ್ತ, ಅವನ ತೋಳು ಹತ್ತಿ ಅಂಗಿಯ ಮೇಲೆ ಎದೆಗೆ ಬಂದು, ಹೊಟ್ಟೆಯನ್ನು ಅಲ್ಲಿಗೆ ಒತ್ತಿ ಮಲಗಿತು. ಆ ಮನೆಯಲ್ಲಿ ಬೆಚ್ಚಗೆ ಉಳಿದದ್ದು ಅವನೊಬ್ಬನೇ.

ಹೊಟ್ಟೆಯಿಂದ ಮತ್ತೆ ಓಕರಿಕೆ ಎದ್ದು ಬಂತು. ಚನ್ನವೀರ ಹಲ್ಲು ಕಚ್ಚಿದ. ಅದು ಜಾರದಂತೆ ಕೈ ಆನಿಸಿ, ಮೈ ಅಲುಗಿಸದೆ ಕೂತ.